ಅಪ್‌ಡೇಟ್ ಆದ ಮೇಲೆ ಬ್ರೌಸರಲ್ಲಿ ವಿಡಿಯೋ ತಡೆತಡೆದು ಬರುತ್ತದೆ: ನೆಟ್ ಬದಲಿಸಬೇಕಾ?

ಬೇಡ ಮಾರಾಯ್ರೆ, ನೆಟ್ಟಿಗೆ ದುಡ್ಡು ಹಾಕಬೇಡಿ. ನಾನು ಮಂಗಳೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಕ್ರೋಮ್ ಅಪ್‌ಡೇಟ್ ಆದಂದಿನಿಂದ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬಿನ ಯಕ್ಷಗಾನ ವಿಡಿಯೋ ತಡೆಯುತ್ತದೆ, ಪ್ರೊಸೆಸರ್ ಎಂಟನೇ ತಲೆಮಾರಿನ ಇಂಟೆಲ್ ಐ5, ಅದೇ ವೈಫೈಯಲ್ಲಿ ಫೋನಿಗೆ ಏನೂ ತೊಂದರೆ ಇಲ್ಲ ಅಂತ ಬರೆದಿದ್ದೀರಿ. ಚೆಂಡೆ ಸರಿಯಾಗಿ ಕೇಳುತ್ತದೆ, ವೇಷ ಧಿಗಿಣ ಹಾಕುವಾಗ, ಅಂದರೆ ರಭಸದಿಂದ ಸುತ್ತಿ ಹಾರುವಾಗ ಮಾತ್ರ ಚಿತ್ರ ಹಾರಿ ಹಾರಿ ಬರುತ್ತದೆ ಅಂದಿರಲ್ಲ, ಅದೇ ಮುಖ್ಯ ಸುಳಿವು. ನೆಟ್ ಸಾಲದಿದ್ದರೆ ಚಿತ್ರ ನಿಂತು ನಡುವಲ್ಲಿ ಉರುಟು ಗುರುತು ತಿರುಗುತ್ತದೆ, ಸ್ವರವೂ ನಿಲ್ಲುತ್ತದೆ. ನಿಮ್ಮಲ್ಲಿ ವಿಡಿಯೋ ಬಂದು ತಲುಪಿ ಆಗಿದೆ, ಅದನ್ನು ಬಿಡಿಸಿ ತೋರಿಸುವ ಕೆಲಸ ಹಿಂದೆ ಬಿದ್ದಿದೆ.

ಆ ಕೆಲಸ ಗ್ರಾಫಿಕ್ಸ್ ಚಿಪ್ಪಿನದ್ದು. ಬ್ರೌಸರುಗಳು ತಕರಾರಿನ ಗ್ರಾಫಿಕ್ಸ್ ಡ್ರೈವರುಗಳ (ಆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತವೆ. ಅಪ್‌ಡೇಟಿನಲ್ಲಿ ನಿಮ್ಮ ಡ್ರೈವರ್ ಅದರೊಳಗೆ ಸೇರಿದರೆ ಎಲ್ಲ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಬಹುಶಃ ಇದೇ.

ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿ. 'ಡ್ರಾಪ್ಡ್' ಅನ್ನುವ ಲೆಕ್ಕ, ಅಂದರೆ ತೋರಿಸದೆ ಬಿಟ್ಟುಹೋದ ಚಿತ್ರಗಳ ಸಂಖ್ಯೆ, ಏರುತ್ತಾ ಹೋದರೆ ನಾನು ಹೇಳಿದ್ದು ಖಾತ್ರಿ. ಕೆಳಗೆ ಕೋಡೆಕ್ ಸಾಲು ಉಂಟು, ವಿಡಿಯೋವನ್ನು ಯಾವ ವಿಧಾನದಲ್ಲಿ ಕುಗ್ಗಿಸಿ ಕಳಿಸಿದ್ದಾರೆ ಅಂತ ಅದು ಹೇಳುತ್ತದೆ, ಅದನ್ನು ನೋಡಿ. ವಿಪಿ9 ಆದರೆ ನಿಮ್ಮ ಚಿಪ್ಪಿಗೆ ಬಿಡಿಸಲು ಬರುತ್ತದೆ, ಇಂಟೆಲ್‌ನ ಏಳನೇ ತಲೆಮಾರಿನಿಂದಲೇ ಆ ಸೌಲಭ್ಯ ಇದೆ. ಎವಿ1 ಆದರೆ ಬರುವುದಿಲ್ಲ, ಅದಕ್ಕೆ ಹನ್ನೊಂದನೇ ತಲೆಮಾರು ಬೇಕು.

ವಿಪಿ9 ಇದ್ದೂ ತಡೆಯುತ್ತಿದ್ದರೆ ಕ್ರೋಮ್ ಸೆಟ್ಟಿಂಗ್ಸಿನ 'ಸಿಸ್ಟಮ್' ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆನ್ ಇದೆಯಾ ನೋಡಿ, ಆನ್ ಮಾಡಿ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಆಮೇಲೆ ವಿಳಾಸ ಬರೆಯುವಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಜಿಪಿಯು ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. 'ವಿಡಿಯೋ ಡಿಕೋಡ್' ಎದುರು 'ಸಾಫ್ಟ್‌ವೇರ್ ಓನ್ಲಿ' ಅಂತ ಕಂಡರೆ ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದಲೇ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿ. ಸಿಕ್ಕಿದಲ್ಲಿಂದ ಇಳಿಸುವ 'ಡ್ರೈವರ್ ಅಪ್‌ಡೇಟರ್'ಗಳನ್ನು ದಯವಿಟ್ಟು ಮುಟ್ಟಬೇಡಿ.

ಎವಿ1 ಆಗಿದ್ದರೆ ಇನ್ನೂ ಸುಲಭ. ಯೂಟ್ಯೂಬ್ ಸೆಟ್ಟಿಂಗ್ಸಲ್ಲಿ 'ಪ್ಲೇಬ್ಯಾಕ್ ಆ್ಯಂಡ್ ಪರ್ಫಾರ್ಮೆನ್ಸ್' ಅಂತ ಉಂಟು, ಅಲ್ಲಿ ಎವಿ1 ಅನ್ನು ಎಸ್‌ಡಿಗೆ (ಕಡಿಮೆ ಸ್ಪಷ್ಟತೆಯ ವಿಡಿಯೋಗೆ) ಮಾತ್ರ ಇಟ್ಟರೆ ಎಚ್‌ಡಿ ವಿಡಿಯೋಗಳು ವಿಪಿ9ರಲ್ಲಿ ಬರುತ್ತವೆ.

ಕರೆಂಟು ಹೋಗಿ ಬ್ಯಾಟರಿಯಲ್ಲಿ ನೋಡುವಾಗ ಮಾತ್ರ ಹೀಗಾಗುತ್ತದಾ? ನಮ್ಮ ಕಡೆ ಮಳೆಗಾಲದಲ್ಲಿ ಇದನ್ನೂ ಕೇಳಲೇಬೇಕು. ಕ್ರೋಮ್‌ನ 'ಎನರ್ಜಿ ಸೇವರ್' ವಿಡಿಯೋದ ಫ್ರೇಮ್ ರೇಟನ್ನೂ (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) ತಗ್ಗಿಸುತ್ತದೆ, ಹಾಗಿದ್ದರೆ ಅದನ್ನು ಆಫ್ ಮಾಡಿದರಾಯಿತು.

ಹಳೇ ಆವೃತ್ತಿಗೆ ವಾಪಸ್ ಹೋಗಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಪ್‌ಡೇಟಿನಲ್ಲಿ ಮುಚ್ಚಿದ ಭದ್ರತಾ ದೋಷಗಳೆಲ್ಲ ಮತ್ತೆ ತೆರೆದುಕೊಳ್ಳುತ್ತವೆ, ಅದೇ ಬ್ರೌಸರಲ್ಲಿ ನೀವು ಬ್ಯಾಂಕಿನ ಕೆಲಸವನ್ನೂ ಮಾಡುತ್ತೀರಲ್ಲ. ಇಷ್ಟು ಮಾಡಿಯೂ ಸರಿಯಾಗದಿದ್ದರೆ ಕೋಡೆಕ್ ಸಾಲು ಮತ್ತು 'ವಿಡಿಯೋ ಡಿಕೋಡ್' ಸಾಲನ್ನು ಇದ್ದ ಹಾಗೆ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.