ಎರವಲು ಹೋದ ಹುಡುಗ ನಮ್ಮ ವಿರುದ್ಧವೇ ಆಡಬಹುದಾ?

ಪ್ರಶ್ನೆ: ನಮ್ಮದು ಉಳ್ಳಾಲ ಕಡೆಯ ಸಣ್ಣ ಫುಟ್‌ಬಾಲ್ ಕ್ಲಬ್. ನಮ್ಮ ಸ್ಟ್ರೈಕರ್ ಹುಡುಗನೊಬ್ಬನಿಗೆ ಆಡಲು ಅವಕಾಶ ಸಿಗುತ್ತಿರಲಿಲ್ಲ. ಹಾಗಾಗಿ ಈ ಸೀಸನ್‌ಗೆ ಮಂಗಳೂರಿನ ಇನ್ನೊಂದು ತಂಡಕ್ಕೆ ಕೊಟ್ಟೆವು. ಈಗ ಲೀಗ್‌ನಲ್ಲಿ ಅವರೂ ನಾವೂ ಎದುರಾಗುತ್ತಿದ್ದೇವೆ. ಕೊಡುವಾಗ ಈ ಬಗ್ಗೆ ಮಾತೇ ಆಗಿರಲಿಲ್ಲ. ‘ನಮ್ಮ ಹುಡುಗ ನಮಗೇ ಗೋಲ್ ಹೊಡೆಯುವುದಾ? ಇಳಿಸಬೇಡಿ ಅಂತ ಹೇಳಿ’ ಎಂದು ನಮ್ಮವರು ಒತ್ತಾಯಿಸುತ್ತಿದ್ದಾರೆ. ಇಂಗ್ಲೆಂಡಿನಲ್ಲೂ ಹಾಗೇ ನಿಯಮ ಇದೆಯಂತೆ. ಏನು ಮಾಡುವುದು?
– ಕ್ಲಬ್ ಕಾರ್ಯದರ್ಶಿ, ಉಳ್ಳಾಲ

ಉತ್ತರ: ಆಡಲಿ. ನಿಮ್ಮ ಲೀಗ್‌ನ ನಿಯಮದಲ್ಲಿ ಬೇಡ ಅಂತ ಬರೆದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಬರೆದಿಲ್ಲವಾದರೆ ದಯವಿಟ್ಟು ಅವನನ್ನು ತಡೆಯಬೇಡಿ.

ನೀವು ಕೇಳಿದ್ದು ನಿಜ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಎರವಲು, ಅಂದರೆ ಲೋನ್ ಮೇಲೆ, ಹೋದ ಆಟಗಾರ ತನ್ನ ಮೂಲ ಕ್ಲಬ್ ವಿರುದ್ಧ ಆಡುವಂತಿಲ್ಲ. ಇದರ ಹಿಂದೆ ಒಂದು ಗೋಲ್‌ನ ಕಥೆ ಇದೆ. 2004ರ ಫೆಬ್ರುವರಿಯಲ್ಲಿ ನ್ಯೂಕ್ಯಾಸಲ್ ಕ್ಲಬ್‌ನ ಲೊಮಾನಾ ಲುವಾಲುವಾ ಪೋರ್ಟ್ಸ್‌ಮತ್‌ಗೆ ಲೋನ್ ಮೇಲೆ ಹೋಗಿದ್ದರು. ನ್ಯೂಕ್ಯಾಸಲ್ ವಿರುದ್ಧದ ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಅವರೇ ಗೋಲ್ ಹೊಡೆದು 1-1 ಮಾಡಿಬಿಟ್ಟರು. ಆಮೇಲೆ ಈ ನಿಷೇಧ ಬಂತು. ಯೋಚಿಸಿ ನೋಡಿ, ಅಲ್ಲಿ ಆಟಗಾರ ಮೋಸ ಮಾಡಿರಲಿಲ್ಲ. ಪ್ರಾಮಾಣಿಕವಾಗಿ ಆಡಿದ್ದೇ ತೊಂದರೆಯಾಯಿತು!

ನಿಷೇಧ ಬೇಕು ಎನ್ನುವವರ ಮಾತು ಸುಳ್ಳೇನಲ್ಲ. ಅಂಥ ಹುಡುಗ ಪೆನಾಲ್ಟಿ ಹೊರಗೆ ಹೊಡೆದರೆ ಗ್ಯಾಲರಿಯಲ್ಲಿ ಗುಸುಗುಸು ಶುರುವಾಗುತ್ತದೆ. ಗೋಲ್‌ಕೀಪರ್ ಆದರೆ ಇನ್ನೂ ಕಷ್ಟ. ಒಂದು ಚೆಂಡು ಕೈಜಾರಿದರೂ ಸಾಕು. ಆ ಮಾತಿನಿಂದ ಹುಡುಗನನ್ನು ಕಾಪಾಡಬೇಕು ಎನ್ನುವುದು ನನಗೆ ಅರ್ಥವಾಗುತ್ತದೆ.

ಆದರೆ ಉಳಿದ ತಂಡಗಳ ಕಡೆಯಿಂದ ನೋಡಿದ್ದೀರಾ? ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಒಂದು ದೊಡ್ಡ ಕ್ಲಬ್ ತನ್ನ ಸ್ಟ್ರೈಕರನ್ನು ಸಣ್ಣ ಕ್ಲಬ್‌ಗೆ ಕೊಟ್ಟಿತು ಅನ್ನಿ. ಉಳಿದ 18 ತಂಡಗಳು ಆ ಸ್ಟ್ರೈಕರನ್ನು ಎದುರಿಸಿಯೇ ಪಾಯಿಂಟ್ ಗಳಿಸಬೇಕು. ಕೊಟ್ಟ ಕ್ಲಬ್‌ಗೆ ಮಾತ್ರ ಎರಡೂ ಪಂದ್ಯದಲ್ಲಿ ಅವನಿಲ್ಲದ ತಂಡ ಸಿಗುತ್ತದೆ. ಪ್ರಶಸ್ತಿಗೆ ಪೈಪೋಟಿಯಲ್ಲಿರುವ ಇನ್ನೊಂದು ತಂಡಕ್ಕೆ ಇದು ಅನ್ಯಾಯ ಅಲ್ವಾ? ಸಂಶಯ ಬರಬಾರದು ಅಂತ ಮಾಡಿದ ನಿಯಮದಿಂದಲೇ ಲೀಗ್ ಓರೆಯಾಗುತ್ತದೆ. ನಿಮ್ಮ ಲೀಗ್‌ನಲ್ಲಿ ತಂಡಗಳು ಕಡಿಮೆ, ಹಾಗಾಗಿ ಇದರ ಪೆಟ್ಟು ಇನ್ನೂ ಜಾಸ್ತಿ.

ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ದಾರಿಯೇ ಬೇರೆ. ಲಂಡನ್ನಿನ ಚೆಲ್ಸಿ ಕ್ಲಬ್‌ನ ಗೋಲ್‌ಕೀಪರ್ ತಿಬೊ ಕೋರ್ಟುವಾ 2011ರಿಂದ ಮೂರು ವರ್ಷ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿ ಲೋನ್ ಮೇಲೆ ಇದ್ದರು. 2014ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಚೆಲ್ಸಿಯೇ ಎದುರಾಯಿತು. ಕೋರ್ಟುವಾ ಅವರನ್ನು ಆಡಿಸಿದರೆ ಅಟ್ಲೆಟಿಕೊ ಚೆಲ್ಸಿಗೆ ದೊಡ್ಡ ಮೊತ್ತ ಕೊಡಬೇಕು ಎಂಬ ಷರತ್ತು ಇದೆ ಎಂದು ಸುದ್ದಿಯಾಯಿತು. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಕೂಡಲೇ ಸ್ಪಷ್ಟವಾಗಿ ಹೇಳಿತು: ಯಾರು ಆಡಬೇಕು ಎನ್ನುವುದರ ಮೇಲೆ ಪ್ರಭಾವ ಬೀರುವ ಇಂಥ ಷರತ್ತು ನಮ್ಮ ಮಟ್ಟಿಗೆ ಅಸಿಂಧು. ಕೋರ್ಟುವಾ ಎರಡೂ ಪಂದ್ಯ ಆಡಿದರು. ಮೊದಲನೆಯದು 0-0. ಲಂಡನ್ನಿನಲ್ಲಿ ಅಟ್ಲೆಟಿಕೊ 3-1ರಿಂದ ಗೆದ್ದು ಫೈನಲ್‌ಗೆ ಹೋಯಿತು. ಮುಂದಿನ ಸೀಸನ್‌ನಲ್ಲಿ ಅದೇ ಕೋರ್ಟುವಾ ಚೆಲ್ಸಿಯ ಮುಖ್ಯ ಗೋಲ್‌ಕೀಪರ್ ಆಗಿ ಲೀಗ್ ಗೆದ್ದರು. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ನಷ್ಟ ಚೆಲ್ಸಿಗೇ ಆಗುತ್ತಿತ್ತು.

ನಮ್ಮ ಕರಾವಳಿಯವರಿಗೆ ಇದು ಹೊಸತೂ ಅಲ್ಲ. ಯಕ್ಷಗಾನದ ಜೋಡಾಟ ನೋಡಿದ್ದೀರಲ್ಲ? ಪಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಎರಡು ಮೇಳ. ಕಲಾವಿದ ಈ ತಿರುಗಾಟಕ್ಕೆ ಯಾವ ಮೇಳದ ಗೆಜ್ಜೆ ಕಟ್ಟಿದ್ದಾನೋ ಅದರ ಪರವಾಗಿಯೇ ಕುಣಿಯುತ್ತಾನೆ. ಹೋದ ವರ್ಷ ಎದುರಿನ ಮೇಳದಲ್ಲಿದ್ದ ಅಂತ ಅವನನ್ನು ಬಣ್ಣ ಹಚ್ಚುವ ಚೌಕಿಯಲ್ಲೇ ಕೂರಿಸುವುದಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೋಚ್ ಆಗಿದ್ದಾಗ ನಾನೂ ಒಬ್ಬ ಹುಡುಗನನ್ನು ಬೇರೆ ತಂಡಕ್ಕೆ ಕೊಟ್ಟಿದ್ದೆ. ನೆಹರು ಮೈದಾನದಲ್ಲಿ ನಮ್ಮಿಬ್ಬರ ಪಂದ್ಯ ಬಂತು. ಇಳಿಸಬೇಡಿ ಅಂತ ನಾನೇ ಅವರ ಕೋಚ್‌ಗೆ ಫೋನ್ ಮಾಡಿದೆ. ಅವರು ಒಪ್ಪಿದರು, ನಾವು ಗೆದ್ದೆವು. ಪಂದ್ಯ ಮುಗಿದ ಮೇಲೆ ಆ ಹುಡುಗ ಬೂಟು ಕೈಯಲ್ಲಿ ಹಿಡಿದುಕೊಂಡು ಬಂದ. ಬೂಟಿಗೆ ಒಂಚೂರೂ ಕೆಸರು ಹತ್ತಿರಲಿಲ್ಲ. ‘ಸರ್, ನಾನು ಮೋಸ ಮಾಡ್ತೇನೆ ಅಂತ ನಿಮಗೆ ಅನ್ನಿಸಿತಾ?’ ಎಂದು ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ. ಅವನು ಮತ್ತೆ ನಮ್ಮ ತಂಡಕ್ಕೆ ಬರಲಿಲ್ಲ. ನಾವು ಲೋನ್ ಕೊಟ್ಟಿದ್ದೇ ಅವನು ಆಡಿ ಬೆಳೆಯಲಿ ಅಂತ. ಅವನಿಗೆ ಎಲ್ಲಕ್ಕಿಂತ ಮುಖ್ಯವಾದ ಪಂದ್ಯವನ್ನೇ ಕಿತ್ತುಕೊಂಡೆ.

ಆದ್ದರಿಂದ ಕಾರ್ಯದರ್ಶಿಗಳೇ, ಪಂದ್ಯಕ್ಕೆ ಮೊದಲು ನೀವೇ ಹುಡುಗನಿಗೆ ಫೋನ್ ಮಾಡಿ. ‘ಚೆನ್ನಾಗಿ ಆಡು, ಗೋಲ್ ಹೊಡೆದರೆ ನಮಗೇನೂ ಬೇಸರ ಇಲ್ಲ’ ಅಂತ ಹೇಳಿ. ನಿಮ್ಮ ಬಾಯಿಂದ ಈ ಮಾತು ಬಂದರೆ ಅವನ ಅರ್ಧ ಭಾರ ಇಳಿಯುತ್ತದೆ. ಇಳಿಸುವುದು ಬಿಡುವುದು ಅವರ ಕೋಚ್‌ಗೆ ಬಿಟ್ಟದ್ದು, ಅದರಲ್ಲಿ ನೀವು ಕೈಹಾಕಬೇಡಿ. ಮುಂದಿನ ಸಲ ಹುಡುಗರನ್ನು ಕೊಡುವಾಗ ಅವಧಿ, ಗಾಯವಾದರೆ ಖರ್ಚು ಯಾರದ್ದು, ಇವನ್ನೆಲ್ಲ ಕಾಗದದಲ್ಲಿ ಬರೆದು ಎರಡೂ ಕಡೆ ಸಹಿ ಹಾಕಿಸಿ. ಹುಡುಗನ ಸಹಿಯೂ ಇರಲಿ. ಎದುರಾಳಿಯಾಗಿ ಅವನನ್ನು ನೋಡಲು ಆಗುವುದೇ ಇಲ್ಲ ಅಂತಾದರೆ ಬೇರೆ ಲೀಗ್‌ನ ತಂಡಕ್ಕೆ ಕೊಡಿ.

ಪ್ರಶ್ನೆ: ದೊಡ್ಡ ಕ್ಲಬ್‌ಗಳು ಎಷ್ಟು ಆಟಗಾರರನ್ನು ಬೇಕಾದರೂ ಲೋನ್ ಕೊಡಬಹುದಾ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಮೊದಲು ಹಾಗೇ ಇತ್ತು. 2022ರ ಜುಲೈಯಿಂದ ಫಿಫಾ ಅಂತರರಾಷ್ಟ್ರೀಯ ಲೋನ್‌ಗಳಿಗೆ ಮಿತಿ ಹಾಕಿದೆ. ಮೊದಲ ಸೀಸನ್‌ಗೆ ಎಂಟು ಜನ, ಮರುವರ್ಷ ಏಳು, 2024ರ ಜುಲೈಯಿಂದ ಆರು. ಕೊಡುವುದಕ್ಕೂ ಪಡೆಯುವುದಕ್ಕೂ ಇದೇ ಲೆಕ್ಕ. ಒಂದು ಲೋನ್ ಒಂದು ವರ್ಷ ದಾಟುವಂತಿಲ್ಲ. ಲೋನ್ ಮೇಲೆ ಬಂದವನನ್ನು ಮತ್ತೊಬ್ಬರಿಗೆ ಲೋನ್ ಕೊಡುವಂತೆಯೂ ಇಲ್ಲ. ಕ್ಲಬ್ ತಾನೇ ಬೆಳೆಸಿದ, 21 ವರ್ಷದೊಳಗಿನ ಹುಡುಗರು ಈ ಲೆಕ್ಕಕ್ಕೆ ಬರುವುದಿಲ್ಲ.