ಹೊಲಿಗೆ ಬಟ್ಟೆ, ಉಲ್ಲನ್ ದಾರ ಹಾಳಾಗದ ಹಾಗೆ ಇಡುವುದು ಹೇಗೆ?

ಉಲ್ಲನ್ ದಾರ ಅಲ್ಲಲ್ಲಿ ತಾನಾಗಿಯೇ ತುಂಡಾಗಿದೆ, ಹೊಲಿಯಲು ಇಟ್ಟ ಬಟ್ಟೆಗಳ ಮಡಿಕೆಯಲ್ಲಿ ಹಳದಿ ಗೆರೆ ಬಂದಿದೆ, ನುಸಿಗುಳಿಗೆ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಇವು ಎರಡು ಬೇರೆ ಬೇರೆ ತೊಂದರೆ. ಹೊಲಿಗೆ, ಹೆಣಿಗೆ ಎರಡನ್ನೂ ಮಾಡುವವಳಾಗಿ ನಾನು ನಂಬಿರುವುದು ಇಷ್ಟು: ವಾಸನೆಯಿಂದ ಬಟ್ಟೆ ಉಳಿಯುವುದಿಲ್ಲ. ಕೊಳೆ ಇಲ್ಲದೆ, ಪೂರ್ತಿ ಒಣಗಿಸಿ ಇಟ್ಟು, ಆಗಾಗ ತೆಗೆದು ನೋಡಿದರೆ ಉಳಿಯುತ್ತದೆ.

ದಾರದ ವಿಷಯಕ್ಕೆ ಅವಸರ ಜಾಸ್ತಿ, ಅದನ್ನೇ ಮೊದಲು ನೋಡಿ. ತುಂಡಾದ ದಾರವನ್ನು ಇವತ್ತೇ ಉಳಿದವುಗಳಿಂದ ಬೇರೆ ಮಾಡಿ, ಒಳ್ಳೆಯ ಬೆಳಕಿನಲ್ಲಿ ಬಿಳಿ ಹಾಳೆಯ ಮೇಲೆ ಉಂಡೆಯನ್ನು ನಿಧಾನಕ್ಕೆ ಬಿಚ್ಚಿ. ಎಳೆಗಳ ನಡುವೆ ಜೇಡರ ಬಲೆಯಂಥ ತೆಳುವಾದ ನೂಲು, ಹಾಳೆಯ ಮೇಲೆ ಮರಳಿನಂಥ ಸಣ್ಣ ಕಣ ಕಂಡರೆ ಅದು ಬಟ್ಟೆ ನುಸಿ ಎಂಬ ಸಣ್ಣ ಪತಂಗದ ಮರಿಹುಳುವಿನ ಕೆಲಸ. ಆ ಕಣಗಳು ಹುಳುವಿನ ಹಿಕ್ಕೆ. ತಿಂದ ಉಣ್ಣೆಯ ಬಣ್ಣವೇ ಹಿಕ್ಕೆಗೂ ಬರುತ್ತದೆ. ಕೆಂಪು ದಾರ ತಿಂದರೆ ಕೆಂಪು, ನೀಲಿ ತಿಂದರೆ ನೀಲಿ. ಅದಕ್ಕೇ ಸುಮ್ನೆ ನೋಡಿದರೆ ದಾರದ ಪುಡಿ ಅನಿಸಿಬಿಡುತ್ತದೆ.

ಹಾರುವ ಪತಂಗ ಏನನ್ನೂ ತಿನ್ನುವುದಿಲ್ಲ, ಮೊಟ್ಟೆ ಇಡುತ್ತದೆ ಅಷ್ಟೇ. ತಿನ್ನುವುದು ಅದರ ಮರಿಹುಳು. ಅದಕ್ಕೆ ಬೇಕಾದದ್ದು ಉಣ್ಣೆ, ತುಪ್ಪಳ, ಗರಿ, ರೇಷ್ಮೆಯನ್ನೂ ಬಿಡುವುದಿಲ್ಲ. ಶುಭ್ರವಾದ ಹತ್ತಿ ಅಥವಾ ಆಕ್ರಿಲಿಕ್ (ಕೃತಕ ನೂಲು) ಅದಕ್ಕೆ ಬೇಡ. ಆದರೆ ಬೆವರು, ಎಣ್ಣೆ, ಊಟದ ಕಲೆ ಇದ್ದರೆ ಅದನ್ನೂ ಕಡಿಯಬಹುದು. ಕತ್ತಲಾಗಿರುವ, ಯಾರೂ ಕೈ ಹಾಕದ ಮೂಲೆ ಅಂದರೆ ಅದಕ್ಕೆ ಇಷ್ಟ.

ಹುಳುವನ್ನೂ ಮೊಟ್ಟೆಯನ್ನೂ ಒಟ್ಟಿಗೆ ಕೊಲ್ಲಲು ಮನೆಯಲ್ಲಿ ಮಾಡಬಹುದಾದ ಒಳ್ಳೆಯ ದಾರಿ ಫ್ರೀಜರ್. ದಾರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಮುಚ್ಚಿ. ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರುವ ಫ್ರೀಜರ್‌ನಲ್ಲಿ ಕನಿಷ್ಠ ಒಂದು ವಾರ ಇಡಿ. ಹೊರತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಡಿ. ಇಲ್ಲದಿದ್ದರೆ ತಣ್ಣಗಿನ ದಾರದ ಮೇಲೆ ಗಾಳಿಯ ತೇವ ಕೂತು ಒದ್ದೆಯಾಗುತ್ತದೆ. ಈ ಮಧ್ಯೆ ಕಪಾಟಿನ ಸಂದುಗೊಂದುಗಳಿಗೆ ವ್ಯಾಕ್ಯೂಮ್ ಹಿಡಿಯಿರಿ, ಕಸವನ್ನು ಕೂಡಲೇ ಮನೆಯಿಂದ ಹೊರಗೆ ಹಾಕಿ. ಉಳಿದ ದಾರ ಎಸೆಯಬೇಕಾಗಿಲ್ಲ. ಅಪ್ಪಟ ಉಣ್ಣೆಯಾದರೆ ಎರಡು ತುದಿಯನ್ನು ಬಿಡಿಸಿ, ಒಂದರ ಮೇಲೊಂದು ಇಟ್ಟು, ಸ್ವಲ್ಪ ನೀರು ಹಚ್ಚಿ ಅಂಗೈಯಲ್ಲಿ ಜೋರಾಗಿ ಉಜ್ಜಿದರೆ ಕೂಡಿಕೊಳ್ಳುತ್ತದೆ. ಆಕ್ರಿಲಿಕ್ ಕೂಡಿಕೊಳ್ಳುವುದಿಲ್ಲ.

ಇನ್ನು ನುಸಿಗುಳಿಗೆ. ಅದರ ಆವಿ ಗಾಳಿಯಾಡದ ಪೆಟ್ಟಿಗೆಯಲ್ಲಿ ದಟ್ಟವಾಗಿ ತುಂಬಿದರೆ ಮಾತ್ರ ಹುಳು ಸಾಯುತ್ತದೆ. ಬಾಗಿಲು ತೆಗೆದು ಹಾಕುವ ಕಪಾಟಿನಲ್ಲಿ ಆ ಆವಿ ಹುಳುವಿಗಿಂತ ನಿಮ್ಮ ಮೂಗಿಗೇ ಜಾಸ್ತಿ ಸೇರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ದಯವಿಟ್ಟು ಬೇಡ. ಮಿಠಾಯಿ ಅಂದುಕೊಂಡು ನುಂಗಬಹುದು. ಹಲವು ನುಸಿಗುಳಿಗೆಗಳಲ್ಲಿರುವ ನ್ಯಾಫ್ತಲೀನ್ ನುಂಗಿದರೆ ರಕ್ತದ ಕೆಂಪು ಕಣಗಳನ್ನು ಒಡೆಯಬಹುದು, ಜಿ6ಪಿಡಿ (ಕೆಂಪು ಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಿಗೆ ಇದು ತುಂಬಾ ಅಪಾಯ. ಜೊತೆಗೆ ಕರ್ಪೂರವನ್ನೂ ಇಡಬೇಡಿ, ಎರಡೂ ಸೇರಿದರೆ ಕರಗಿ ಬಟ್ಟೆಗೆ ಕಲೆ ಹಿಡಿಯುತ್ತದೆ. ಲವಂಗ, ಲ್ಯಾವೆಂಡರ್, ಬೇವಿನ ಎಲೆಯ ವಾಸನೆ ಇಷ್ಟವಾದರೆ ಇಟ್ಟುಕೊಳ್ಳಿ, ಆದರೆ ಒಳಗೆ ಸೇರಿದ ಹುಳುವನ್ನು ಅವು ಕೊಲ್ಲುತ್ತವೆ ಅಂತ ನಂಬಿ ಕೂರಬೇಡಿ.

ಮಡಿಕೆಯ ಹಳದಿ ಗೆರೆಗೆ ಹುಳು ಕಾರಣವಲ್ಲ. ಸರಿಯಾಗಿ ಹೋಗದ ಸೋಪು, ಗಂಜಿ, ಕೈಯ ಬೆವರು ಬಟ್ಟೆಯಲ್ಲೇ ಉಳಿದು ಕಾಲ ಕಳೆದಂತೆ ಹಳದಿಯಾಗುತ್ತವೆ. ಬಣ್ಣ ಬಳಿಯದ ಮರ, ರಟ್ಟಿನ ಪೆಟ್ಟಿಗೆ, ಹಳೆಯ ಪೇಪರ್ ಇವುಗಳಿಂದ ಆಮ್ಲ ಬಿಡುಗಡೆಯಾಗಿ ಅದೂ ಬಟ್ಟೆಗೆ ತಾಗುತ್ತದೆ. ಆದ್ದರಿಂದ ಒಗೆಯಬಹುದಾದ ಬಟ್ಟೆಯನ್ನು ಗಂಜಿ ಹಾಕದೆ ಒಗೆದು, ಪೂರ್ತಿ ಒಣಗಿಸಿ. ಇಸ್ತ್ರಿ ಮಾಡಿದ್ದರೆ ಬಿಸಿ ಆರಲು ಬಿಡಿ. ಗಂಜಿ ಅಂದರೆ ಸಿಲ್ವರ್‌ಫಿಶ್ ಎಂಬ ಬೆಳ್ಳಿ ಬಣ್ಣದ ಸಣ್ಣ ಕೀಟಕ್ಕೆ ಊಟ, ಅದಕ್ಕೆ ಹತ್ತಿಯೂ ಆಗುತ್ತದೆ. ಕಪಾಟಿನ ಹಲಗೆಗೆ ಒಗೆದ ಬಿಳಿ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಜೋಡಿಸಿ. ಮೂರ್ನಾಲ್ಕು ತಿಂಗಳಿಗೊಮ್ಮೆ ತೆಗೆದು ಬೇರೆ ಗೆರೆಯಲ್ಲಿ ಮಡಿಸಿ. ರೇಷ್ಮೆ, ಜರಿ ಬಟ್ಟೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಗೆರೆಯಲ್ಲೇ ಸೀಳುತ್ತದೆ. ಅವನ್ನು ಹತ್ತಿ ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡುವುದು ಇನ್ನೂ ವಾಸಿ. ಬಿಸಿಲು ಬೀಳುವ ತೆರೆದ ಶೆಲ್ಫ್ ನೋಡಲು ಚೆಂದ, ಆದರೆ ಹೊರಗೆ ಕಾಣುವ ಅಂಚು ಮೊದಲು ಬಣ್ಣ ಕಳೆದುಕೊಳ್ಳುತ್ತದೆ.

ಪ್ಲಾಸ್ಟಿಕ್ ಡಬ್ಬಿ ಆಗುತ್ತಾ ಅಂದರೆ, ಆಗುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಇರಲಿ. ಘಾಟು ವಾಸನೆಯ ಮೆತ್ತನೆಯ ಪಿವಿಸಿ ಕವರ್ ಬೇಡ. ಮುಚ್ಚಳ ಹಾಕುವಾಗ ಒಳಗೆ ತೇವ ಇರಬಾರದು, ಇದ್ದರೆ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಬೆಳೆಯಲು ಅನುಕೂಲ. ಅಂಥ ದಿನ ಬಟ್ಟೆ ತುಂಬಿಡುವ ಕೆಲಸಕ್ಕೆ ಕೈ ಹಾಕಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಡಬ್ಬಿಯನ್ನು ನೆಲಕ್ಕೂ ಹೊರಗೋಡೆಗೂ ತಾಗದಂತೆ ಇಡಿ.

ಹೊಸ ದಾರ ಲಡಿಯಾಗಿಯೇ ಇರಲಿ, ಹೆಣೆಯಲು ಕೂರುವಾಗ ಉಂಡೆ ಮಾಡಿಕೊಳ್ಳಿ. ಬಿಗಿಯಾಗಿ ಸುತ್ತಿದ ಉಂಡೆಯಲ್ಲಿ ತಿಂಗಳುಗಟ್ಟಲೆ ಎಳೆದುಕೊಂಡೇ ಇದ್ದ ಉಣ್ಣೆಯ ಪುಟಿತ ಕಡಿಮೆಯಾಗುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ಹಳೆಯದಾದರೆ ಜಿಗುಟಾಗಿ ದಾರಕ್ಕೇ ಅಂಟುತ್ತದೆ. ಗುಂಡುಸೂಜಿ ತುಕ್ಕು ಹಿಡಿಯುತ್ತದೆ, ಅದೂ ಬೇಡ. ಹತ್ತಿ ನೂಲಿನಿಂದ ಸಡಿಲವಾಗಿ ಕಟ್ಟಿ, ಲೇಬಲ್ ಅನ್ನೂ ಅದಕ್ಕೇ ಪೋಣಿಸಿ. ಅದರಲ್ಲಿ ಡೈ ಲಾಟ್ ಸಂಖ್ಯೆ, ಅಂದರೆ ಒಂದೇ ಸಲ ಬಣ್ಣ ಹಾಕಿದ ದಾರಗಳ ಗುಂಪಿನ ಸಂಖ್ಯೆ ಇರುತ್ತದೆ ಅಲ್ವಾ? ಸ್ವೆಟರ್ ಮುಗಿಯುವ ಮೊದಲೇ ದಾರ ಖಾಲಿಯಾದರೆ ಅದೇ ಬಣ್ಣ ಹುಡುಕಲು ಆ ಸಂಖ್ಯೆ ಬೇಕೇ ಬೇಕು.