ಆ ಸೆಟ್ ಬಿಡಿ, ಮೊದಲು ಒಂದು ಪುಟ ಓದಿ ನೋಡಿ

ಆರು ವರ್ಷದ ಮಗನಿಗೆ ಹತ್ತು ಪುಸ್ತಕದ ಸಾಮಾನ್ಯ ಜ್ಞಾನದ ಸೆಟ್ ಮತ್ತು ಒಂದು ದಪ್ಪ ವಿಶ್ವಕೋಶ ತರಿಸ್ತಿದ್ದೀನಿ ಅಂತ ಬರೆದಿದ್ದೀರಿ. ದುಡ್ಡು ಕಟ್ಟಿಲ್ಲ ಅಂದ್ರೆ ದಯವಿಟ್ಟು ನಿಲ್ಲಿಸಿ. ನಮ್ಮ ಮನೆಯಲ್ಲೂ ಅಂಥದ್ದೇ ಸೆಟ್ ಮುಟ್ಟೋರಿಲ್ಲದೆ ಕೂತಿದೆ. 'ದೊಡ್ಡವನಾದ ಮೇಲೆ ಓದ್ತಾನೆ' ಅಂತ ಪುಸ್ತಕ ತರಬೇಡಿ.

ಅವನಿಗೆ ಈಗ ಯಾವುದರ ಹುಚ್ಚು? ರೈಲೋ, ಇರುವೆಯೋ, ಗ್ರಹಗಳೋ, ಅದರದ್ದೇ ಒಂದು ಪುಸ್ತಕ ಸಾಕು. ಕೊಳ್ಳುವ ಮುಂಚೆ ಒಂದು ಪುಟ ಪೂರ್ತಿ ಗಟ್ಟಿಯಾಗಿ ಓದಿ. ಆನ್‌ಲೈನಲ್ಲಿ ಒಳಪುಟ ತೋರಿಸದಿದ್ದರೆ ಬಿಟ್ಟುಬಿಡಿ. ಇರುವೆಗೆ ಆರು ಕಾಲು ಅಂತ ಹೇಳಿ ಮುಗಿಸುವ ಪುಸ್ತಕ ಬೇಡ. ಇರುವೆಗಳು ವಾಸನೆಯ ಜಾಡು ಬಿಡುತ್ತವೆ, ಹಿಂದಿನವು ಅದನ್ನೇ ಹಿಡಿದು ಬರುತ್ತವೆ ಅಂತ ಹೇಳುವ ಪುಸ್ತಕ ಬೇಕು. ಅದನ್ನು ಓದಿದ ಮಗು ಎದ್ದು ಹೋಗಿ, ಸಾಲಿಗೆ ಅಡ್ಡಲಾಗಿ ಬೆರಳಿಂದ ಒರೆಸುತ್ತದೆ. ಇರುವೆಗಳು ಅಲ್ಲೇ ತಡವರಿಸಿ, ಅತ್ತಿತ್ತ ಹುಡುಕಿ, ಮತ್ತೆ ದಾರಿ ಹಿಡಿಯುವುದನ್ನು ನೋಡುತ್ತಾ ಕೂರುತ್ತದೆ.

ಆಮೇಲೆ ತಪ್ಪು ಹುಡುಕಿ. ದೇಹದ ಪುಸ್ತಕವಾದರೆ ನಾಲಿಗೆಯ ಪುಟ ತೆಗೆಯಿರಿ. ತುದಿಯಲ್ಲಿ ಸಿಹಿ, ಹಿಂದೆ ಕಹಿ ಅಂತ ಭಾಗ ಮಾಡಿದ ಚಿತ್ರ ಇದ್ದರೆ ವಾಪಸ್ ಇಡಿ. ನಿಂಬೆರಸ ತುದಿಗೆ ಮುಟ್ಟಿಸಿದರೂ ಹುಳಿ ಗೊತ್ತಾಗುತ್ತದೆ ಅಲ್ವಾ? ಪ್ಲೂಟೊ ಒಂಬತ್ತನೇ ಗ್ರಹ ಅಂದರೆ ಅದು 2006ಕ್ಕಿಂತ ಹಿಂದಿನ ಮಾಹಿತಿ. ಮುದ್ರಣದ ವರ್ಷ ಹೊಸದಿದ್ದ ಮಾತ್ರಕ್ಕೆ ನಂಬಬೇಡಿ, ಹಳೆಯದನ್ನೇ ಮತ್ತೆ ಅಚ್ಚು ಹಾಕಿರುತ್ತಾರೆ.

ಡಿಕೆ (DK) ಪ್ರಕಾಶನದ ಪುಸ್ತಕಗಳಲ್ಲಿ ಚಿತ್ರಗಳು ಚೆನ್ನ. ಆದರೆ ಅವುಗಳಲ್ಲಿ ಎಷ್ಟೋ ಕಡೆ ಅಕ್ಷರ ಚಿಕ್ಕದು, ಈ ವಯಸ್ಸಿಗೆ ನೀವೇ ಪಕ್ಕದಲ್ಲಿ ಕೂರಬೇಕು. ಅಸ್‌ಬೋರ್ನ್ (Usborne) ಪ್ರಕಾಶನದವರ, ಪುಟದ ಮೇಲಿನ ಕಾಗದದ ಮುಚ್ಚಳ ಎತ್ತಿ ನೋಡುವ ಪುಸ್ತಕಗಳು ನನಗೆ ಜಾಸ್ತಿ ಇಷ್ಟ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಮಾತ್ರ ಆ ಮುಚ್ಚಳಗಳು ಉಳಿಯಲ್ಲ.

ಚಟುವಟಿಕೆ ಪುಸ್ತಕದಲ್ಲಿ ಮೊದಲು ಕಾಗದ ನೋಡಿ. ತೆಳುವಾಗಿದ್ದರೆ ಸ್ಕೆಚ್ ಪೆನ್ ಹಿಂದಕ್ಕೆ ಇಳಿಯುತ್ತದೆ. ಕತ್ತರಿಸುವ ಹಾಳೆಯ ಹಿಂಬದಿ ಖಾಲಿ ಇರಬೇಕು. ಇಲ್ಲದಿದ್ದರೆ ಈ ಕಡೆ ಮುಖವಾಡ ಕತ್ತರಿಸಿದಾಗ ಆ ಕಡೆಯ ಪದಬಂಧ ಹೋಯ್ತು. ಸ್ಪೈರಲ್ ಬೈಂಡಿಂಗ್ ಇದ್ದರೆ ಪುಟ ಸಪಾಟಾಗಿ ನಿಲ್ಲುತ್ತದೆ, ಒಂದು ಕೈ ಬಿಡುವಾಗುತ್ತದೆ. ಮತ್ತೆ ದಯವಿಟ್ಟು ಪಕ್ಕದಲ್ಲಿ ಕೂತು ಗೆರೆ ದಾಟಿದ ಬಣ್ಣ ತಿದ್ದಬೇಡಿ. ಸುಮ್ನೆ ಬಿಡಿ.

ಅಯಸ್ಕಾಂತದ ತುಂಡುಗಳು ಬರುವ ಪುಸ್ತಕ ಈ ವಯಸ್ಸಿಗೆ ಬೇಡವೇ ಬೇಡ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಒಳಗೇ ಒಂದನ್ನೊಂದು ಎಳೆದುಕೊಂಡು ಕರುಳು ತೂತಾಗಬಹುದು. ಯಾರಾದರೂ ಉಡುಗೊರೆ ಕೊಟ್ಟಿದ್ದರೆ ಇವತ್ತೇ ಎತ್ತಿಡಿ. ನುಂಗಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ಹೊಟ್ಟೆನೋವು ಬರಲಿ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.